ಅರ್ಧ ಹಂಡೆ ಪುಲಾವ್

“ಮತ್ತ ಕರದ್ರಿ? ನೆಟ್ಟಗ ರೊಟ್ಟಿ ಬಡಿಯಾಕೂ ಬಿಡೂದಿಲ್ಲಲ್ರೀ ಸಾಹೇಬ್ರ!” ಅಡುಗೆಯ ನಿಂಗವ್ವ ಗೊಣಗುತ್ತ ಬಂದಳು.

ಪುಢಾರಿ ಚನವೀರಪ್ಪ ಟಿವಿ ತೋರಿಸಿದ. ನಿನ್ನೆ ಅವನ ಸಭೆಗೆ ಜನಸಾಗರವೇ ಬಂದಿತ್ತೆಂದು ಅವನ ಮೆಚ್ಚಿನ ಚಾನೆಲ್ ಹೇಳಿತ್ತು. ನರಪಿಳ್ಳೆಯೂ ಬರಲಿಲ್ಲವೆಂದು ಇನ್ನೊಂದು ಹೇಳಿತ್ತು.

“ಅಲ್ಲಿ ಊಟಕ್ಕ ಬಡಿಸಿದಾಕಿ ನೀನ. ಯಾವುದು ಖರೇ, ಹೇಳು. ತಪ್ಪಿದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ.”

ನಿಂಗವ್ವ ಸೆರಗಿಗೆ ಕೈ ಒರೆಸಿಕೊಂಡಳು.

“ಎರಡೂ ಖರೇನ ಇರಬೇಕ್ರೀ. ಬಂದ ಜನಸಾಗರ ಉಪವಾಸ ಇತ್ತು ಕಾಣತೈತಿ, ಅರ್ಧ ಹಂಡೆ ಪುಲಾವ್ ಹಂಗ ಉಳೀತು. ಯಾರೂ ಬರದಿದ್ರೂ ಇನ್ನರ್ಧ ತಾನ ಖಾಲಿ ಆತು.”

ಒಳಗೆ ಅವನ ಹೆಂಡತಿ ಕಿಸಕ್ಕನೆ ನಕ್ಕಳು. ಚನವೀರಪ್ಪ ರಿಮೋಟ್ ಹಿಡಿದು ಮೆತ್ತಗೆ ಕೇಳಿದ:

“ಹಂಗಾದ್ರ ಸುದ್ದಿ ಕೇಳಾಕ ಯಾವುದು ಹಚ್ಚಲಿ, ನಿಂಗವ್ವ?”