ಎರಡೆಕರೆಯೋ ಐದೆಕರೆಯೋ

ಹೊಳೆಯ ದಂಡೆಯ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ತಾಳ್ಮೆಗೆ ಹೆಸರಾದವರು. ಆ ಹೆಸರನ್ನು ಮೂರೇ ವರ್ಷದಲ್ಲಿ ಹಾಳು ಮಾಡಿದವನು ಶಿಷ್ಯ ರುದ್ರಯ್ಯ.

ರುದ್ರಯ್ಯನಿಗೆ ಮನೆ ಕಟ್ಟಿ, ಸುತ್ತ ಒಂದಿಷ್ಟು ಬೆಳೆದುಕೊಂಡು ಇರಲು ಜಮೀನು ಬೇಕಿತ್ತು. ಎಷ್ಟು ಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಅದು ಗೊತ್ತಾಗುವವರೆಗೆ ಗಂಡ ಹೆಂಡತಿ ಅಣ್ಣನ ಮನೆಯಲ್ಲಿದ್ದರು. ಓರಗಿತ್ತಿಯ ಅಡುಗೆ ಮುಗಿದ ಮೇಲೆಯೇ ಹೆಂಡತಿ ಶಿವನಂಜಮ್ಮನಿಗೆ ಒಲೆ ಸಿಗುತ್ತಿತ್ತು.

ಆ ದಿನ ರುದ್ರಯ್ಯ ಗುರುಗಳನ್ನು ನಾಲ್ಕನೆಯ ಸಲ ಅದೇ ಹೊಲಕ್ಕೆ ಕರೆತಂದಿದ್ದ. ಎಂದಿನಂತೆ ಶಿವನಂಜಮ್ಮನೂ ಬುಟ್ಟಿ ಹಿಡಿದು ಜೊತೆಗೆ ಬಂದಿದ್ದಳು. ಹೊಲದ ಒಡೆಯ ತಿಮ್ಮೇಗೌಡ, "ಎರಡೆಕರೆ ಆದ್ರೂ ಸರಿ, ಐದಾದ್ರೂ ಸರಿ. ಮಧ್ಯಾಹ್ನದೊಳಗೆ ಹೇಳ್ಬಿಡಿ. ಇಲ್ದಿದ್ರೆ ಬೇರೆಯವ್ರಿಗೆ ಮಾತು ಕೊಡ್ತೀನಿ," ಎಂದು ಬದುವಿನ ಮೇಲೆ ಕೂತ.

ರುದ್ರಯ್ಯ ಹಗ್ಗ ಹಿಡಿದು ಅಳೆಯತೊಡಗಿದ.

"ಎರಡೆಕರೆ ಸಾಕು ಬುದ್ಧಿ. ಆದ್ರೆ ಆ ಹೊಂಗೆಮರ ಆಚೆಗುಳೀತದೆ."

"ಐದು ತಗೋ."

"ಐದು ತಗೊಂಡ್ರೆ ಮರ ಬರ್ತದೆ. ಅದರಾಚೆ ಬಾವಿ ಉಳೀತದಲ್ಲ?"

"ಹಾಗಾದ್ರೆ ಎರಡೇ ತಗೋ."

"ನಾಳೆ ಮಕ್ಕಳು ಬೈದ್ರೆ ಬುದ್ಧಿ?"

ಗುರುಗಳಿಗೆ ತಲೆ ಚಿಟ್ಟು ಹಿಡಿಯಿತು. "ಒಲೆ ಎಲ್ಲಿ ಹಾಕ್ತೀಯಪ್ಪ?"

"ಮೊದ್ಲು ಬೇಲಿ ಎಲ್ಲಿ ಅಂತ ಗೊತ್ತಾಗ್ಲಿ, ಆಮೇಲೆ ಒಲೆ," ಎಂದು ಅವನು ಹಗ್ಗ ಎಳೆದುಕೊಂಡು ಬಾವಿಯ ಕಡೆ ನಡೆದ.

ಗುರುಗಳು ಶಿವನಂಜಮ್ಮನ ಕಡೆ ತಿರುಗಿದರು. "ನೀನು ಹೇಳವ್ವ."

ಅವಳು ಯೋಚಿಸಲೂ ಇಲ್ಲ. ನೆಟ್ಟಗೆ ನಡೆದು ಒಂದು ಕಡೆ ನಿಂತಳು.

"ಇಲ್ಲಿ ಬುದ್ಧಿ. ಬೆಳಗಿನ ಬಿಸಿಲು ಬೀಳ್ತದೆ. ಹಿಂದುಗಡೆ ಬಚ್ಚಲ ನೀರಿಗೆ ಬಸಳೆ ಬಳ್ಳಿ, ಇತ್ತ ಎರಡು ಹಸ. ಮೂರು ವರ್ಷದಿಂದ ಗೊತ್ತು ನಂಗೆ. ಯಾರೂ ಕೇಳ್ಲಿಲ್ಲ."

ಗುರುಗಳಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಕೇಳದವರಲ್ಲಿ ತಾವೂ ಒಬ್ಬರು.

ಅವಳು ಬುಟ್ಟಿಯಿಂದ ಒಂದು ಪುಟ್ಟ ಮಡಕೆ ತೆಗೆದಳು. ಅದರಲ್ಲಿ ಹಾಲಿತ್ತು. ಹೊಸ ಮನೆ ಹೊಕ್ಕವರು ಮೊದಲು ಹಾಲು ಉಕ್ಕಿಸಬೇಕು.

"ಬಂದಾಗೆಲ್ಲ ತಂದಿದೀನಿ ಬುದ್ಧಿ. ಮೂರು ಸಲ ಹಂಗೇ ವಾಪಸ್ ಹೊತ್ಕೊಂಡು ಹೋದೆ."

ಗುರುಗಳು ತಾವೇ ಬದುವಿನಿಂದ ಮೂರು ಕಲ್ಲು ಹೊತ್ತು ತಂದು ಅವಳು ನಿಂತಲ್ಲಿ ಇಟ್ಟರು.

"ಗೌಡ್ರೇ, ಈ ಕಲ್ಲಿರೋ ತುಂಡು ಎಷ್ಟು?"

"ಎರಡೆಕರೆ ಬುದ್ಧಿ."

"ಅಷ್ಟೇ ಕೊಡಿ."

ಗೌಡ ಉಸ್ಸಪ್ಪಾ ಎಂದು ಎದ್ದು, ತಾನೇ ನಾಲ್ಕು ಪುಳ್ಳೆ ಆಯ್ದು ತಂದ. ಶಿವನಂಜಮ್ಮ ಒಲೆ ಹಚ್ಚಿದಳು. ಹಾಲು ಉಕ್ಕಿದಾಗ ಅತ್ತೇಬಿಟ್ಟಳು.

ಹೊಗೆ ಕಂಡು ರುದ್ರಯ್ಯ ಬಾವಿಯ ಹತ್ತಿರದಿಂದಲೇ ಕೂಗಿದ. "ತಡೀರಿ ಬುದ್ಧಿ, ಎಷ್ಟು ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ."

"ಮನೆ ಒಕ್ಕಲಾಯ್ತು ಕಣೋ," ಎಂದರು ಗುರುಗಳು. "ಹೊರಗೆ ಉಳಿದಿರೋನು ನೀನೊಬ್ಬ. ಒಳಗೆ ಬಾ."