ಕಪ್ಪೆ ಕೇಳಿಸಿಕೊಂಡ ಅರ್ಧ ಪದ

ಮಕ್ಕಳೇ, ಕಾಡಿನ ನಡುವೆ, ದಟ್ಟ ಪೊದೆಗಳ ಹಿಂದೆ ಒಂದು ಕೊಳವಿತ್ತು. ಅದರಲ್ಲಿ ಡೊಳ್ಳಯ್ಯನೆಂಬ ಕಪ್ಪೆ. ಹೊಟ್ಟೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಇವನಿಗೊಂದು ಕೆಲಸ ಕೊಟ್ಟರೆ ಬಾಯಿ ಮುಚ್ಚಿಯಾನು ಎಂದು ಕೊಳದವರೆಲ್ಲ ಸೇರಿ ಅವನನ್ನೇ ಯಜಮಾನನನ್ನಾಗಿ ಮಾಡಿದರು. ಪಾಪ, ಅವರಿಗೇನು ಗೊತ್ತು!

ಡೊಳ್ಳಯ್ಯ ಹಿಗ್ಗಿ ಹೀರೇಕಾಯಿಯಾದ. ಕುಪ್ಪಳಿಸುತ್ತ ಆಮೆಯಜ್ಜನ ಬಳಿ ಹೋದ.

"ಅಜ್ಜಾ, ಯಜಮಾನ ಅಂದರೆ ಏನು ಮಾಡಬೇಕು?"

ಆಮೆಯಜ್ಜ ಮಾತಿನಲ್ಲೂ ಆಮೆಯೇ. "ಕೊಳಕ್ಕೊಂದು ಒಳ್ಳೆಯ ಕಟ್ಟ..." ಎಂದು ಉಸಿರೆಳೆದುಕೊಳ್ಳಲು ನಿಂತ. ಅಷ್ಟರಲ್ಲಿ ಡೊಳ್ಳಯ್ಯ ಪುಳಕ್ಕನೆ ನೀರಿಗೆ ಹಾರಿಯಾಗಿತ್ತು.

'ಕಟ್ಟು ಅಂದರೆ ಕಟ್ಟಿಹಾಕುವುದು. ಇದೇನು ಮಹಾ!' ಎಂದುಕೊಂಡ ಅವನು ತಾವರೆ ಎಲೆಯ ಮೇಲೆ ಕುಳಿತು ಕೂಗಿದ: "ಎಲ್ಲರೂ ಕೇಳಿ! ಮೀನುಗಳು ಬಾಲ ಆಡಿಸಕೂಡದು, ನನ್ನ ನಿದ್ದೆ ಕೆಡುತ್ತದೆ! ಕಪ್ಪೆಗಳು ಹಾರಕೂಡದು, ನಡೆದೇ ಹೋಗಬೇಕು! ಏಡಿ ಚಿಮಟಕ್ಕ ಅಡ್ಡಡ್ಡ ನಡೆಯಕೂಡದು, ನೋಡಿದರೆ ನನಗೆ ತಲೆ ಸುತ್ತುತ್ತದೆ!"

"ಯಜಮಾನರೇ, ನನ್ನ ಕಾಲುಗಳು ಇರೋದೇ ಹಾಗಲ್ಲವಾ?" ಎಂದಳು ಚಿಮಟಕ್ಕ.

"ಕಾಲಿಗೆ ಬುದ್ಧಿ ಹೇಳು!"

ಅಯ್ಯೋ, ಆಗಿನ ಕೊಳವನ್ನು ನೀವು ನೋಡಬೇಕಿತ್ತು! ಮೀನುಗಳು ಒಣಗಿದೆಲೆಗಳಂತೆ ತೇಲಿದವು. ಕಪ್ಪೆಗಳು ಹೊಸ ಚಪ್ಪಲಿ ಕಚ್ಚಿದವರಂತೆ ಕುಂಟಿದವು. ಚಿಮಟಕ್ಕ ನೆಟ್ಟಗೆ ನಡೆಯಲು ಹೋಗಿ, ಕಾಲಿಗೆ ಕಾಲು ಸಿಕ್ಕಿ, ಮೂಗು ನೆಲಕ್ಕೆ ಕುಟ್ಟಿಕೊಂಡಳು. ಡೊಳ್ಳಯ್ಯನಿಗೆ ಮಾತ್ರ ಖುಷಿಯೋ ಖುಷಿ.

ಒಂದು ಮಧ್ಯಾಹ್ನ ಅವನು ದಡದ ಮೇಲೆ ಗತ್ತಿನಿಂದ ನಡೆಯುತ್ತಿದ್ದ. ಹಿಂದಿನಿಂದ ನೀರುಹಾವು ಸರಸರನೆ ಬಂತು. ಒಂದೇ ಒಂದು ನೆಗೆತ, ಬದುಕಿಕೊಳ್ಳುತ್ತಿದ್ದ. ಆದರೆ ಎಲ್ಲರ ಕಣ್ಣೂ ಅವನ ಮೇಲೆ! ಯಜಮಾನನೇ ಹಾರಿದರೆ ಮರ್ಯಾದೆ ಏನಾಗಬೇಕು? ಹಾರಲೋ ಬೇಡವೋ ಎನ್ನುವಷ್ಟರಲ್ಲಿ ಹಾವು ಅವನ ಹಿಂಗಾಲನ್ನು ಗಬಕ್ಕನೆ ಕಚ್ಚಿ ಹಿಡಿಯಿತು.

"ಅಯ್ಯಯ್ಯೋ, ಸತ್ತೆ! ಚಿಮಟಕ್ಕಾ, ಬಾರೇ!"

"ಬಂದೆ ಯಜಮಾನರೇ, ನೆಟ್ಟಗೇ ಬರ್ತಾ ಇದ್ದೀನಿ!" ಎಂದು ಹೊರಟ ಚಿಮಟಕ್ಕ ದೊಪ್ಪನೆ ಬಿದ್ದಳು. ಎದ್ದಳು. ಮತ್ತೆ ಬಿದ್ದಳು.

"ಅಡ್ಡಡ್ಡ ಬಾರೇ, ನಮ್ಮಮ್ಮಾ!"

"ನೀವು ಹಾಕಿದ ಕಟ್ಟು?"

"ಬಿಚ್ಚಿದೆ ಕಣೇ, ಬಿಚ್ಚಿದೆ! ಬೇಗ ಬಾ!"

ಚಿಮಟಕ್ಕ ಅಡ್ಡಡ್ಡಲಾಗಿ ಓಡಿಬಂದು ಹಾವಿನ ಬಾಲವನ್ನು ಚಿವುಟಿಯೇಬಿಟ್ಟಳು. ಹಾವು ನೋವಿಗೆ ಬಾಯಿ ತೆರೆಯಿತು. ಡೊಳ್ಳಯ್ಯ ಮರ್ಯಾದೆಯನ್ನೆಲ್ಲ ದಡದಲ್ಲೇ ಬಿಟ್ಟು ಒಂದೇ ನೆಗೆತಕ್ಕೆ ಕೊಳ ಸೇರಿದ. ಹಾವು ಪೊದೆಯೊಳಗೆ ಓಟ ಕಿತ್ತಿತು.

ಮಾತು ಅರ್ಧಕ್ಕೇ ನಿಂತ ದಿನದಿಂದ ಡೊಳ್ಳಯ್ಯನನ್ನೇ ಹುಡುಕುತ್ತ ಹೊರಟಿದ್ದ ಆಮೆಯಜ್ಜ ಆಗತಾನೇ ಬಂದು ತಲುಪಿದ.

"...ಳೆ," ಎಂದ ಅಜ್ಜ.

"ಏನಜ್ಜಾ?"

"ಕಟ್ಟಳೆ ಅಂತ ಹೇಳೋಕೆ ಹೊರಟಿದ್ದೆ ಮಗಾ. ಅದರಲ್ಲಿ ಬರೀ ಕಟ್ಟು ಇಲ್ಲ, ಅಳೆಯೂ ಇದೆ. ಮೊದಲು ಅವರವರ ಕಾಲು ಬಾಲ ಅಳೆದು ನೋಡು. ಆಮೇಲೆ ಕಟ್ಟು."

ಡೊಳ್ಳಯ್ಯನಿಗೆ ನಾಚಿಕೆಯಾಯಿತು. ನೋಯುವ ಕಾಲು ನೀವಿಕೊಳ್ಳುತ್ತ ಚಿಮಟಕ್ಕನ ಕ್ಷಮೆ ಕೇಳಿದ. ಆಮೇಲೆ ಎಲ್ಲರನ್ನೂ ಕೇಳಿ ಒಂದೇ ಒಂದು ಕಟ್ಟಳೆ ಮಾಡಿದ: ಹಾವು ಕಂಡವರು ಉಳಿದವರಿಗೆ ತಿಳಿಸಬೇಕು. ಕಪ್ಪೆ ಕೂಗಲಿ, ಮೀನು ಬಾಲ ಬಡಿಯಲಿ, ಚಿಮಟಕ್ಕ ತನಗೆ ಬಂದಂತೆ ಓಡಿಬರಲಿ.

ನೀತಿ: ಅಳೆಯದೆ ಕಟ್ಟಿದ ಕಟ್ಟಳೆ ಕಟ್ಟಿದವನ ಕಾಲಿಗೇ ತೊಡರುತ್ತದೆ.