ಆಮೆ ಸೇರಿಸಿದ ಸಾಲು

ಹೊಳೆಯ ಪ್ರಾಣಿಗಳ ಬಳಗಕ್ಕೆ ಆನ್‌ಲೈನ್ ಪಾಠ ಕಟ್ಟುವ ಮುಕ್ತ ತಂತ್ರಾಂಶವೊಂದಿತ್ತು. ಅದರಲ್ಲಿ ಒಬ್ಬರು ಬರೆದ ಪಾಠವನ್ನು ಇನ್ನೊಬ್ಬರು ತಿದ್ದಬಹುದಿತ್ತು. ನೀರುನಾಯಿ ಬರೆದ ಈಜಿನ ಪಾಠಕ್ಕೆ ಬಹಳ ಹೆಸರಿತ್ತು. ಒಂದು ದಿನ ಬಳಗದ ಸುದ್ದಿ ಓದುವ ಗೊರವಂಕ, “ಈಜಿನ ಪಾಠಕ್ಕೆ ಆಮೆ ಒಂದು ಸಾಲು ಸೇರಿಸಿದೆ” ಎಂದು ಸಾರಿತು.

ನೀರುನಾಯಿ ಸಿಡಿಮಿಡಿಗೊಂಡು ಪಾಠ ತೆರೆಯಿತು. “ನೀರಿಗೆ ಧುಮುಕು” ಎಂಬ ತನ್ನ ಮೊದಲ ಸಾಲಿನ ಮೇಲೆ ಹೊಸದೊಂದು ಕೂತಿತ್ತು: “ನೀರು ಯಾವ ಕಡೆಗಿದೆ, ನೋಡು.”

“ಇದನ್ನೂ ಹೇಳಿಕೊಡಬೇಕೇ? ನನ್ನ ಮರಿಗಳಿಗೆ ಇದು ಯಾವತ್ತೂ ಬೇಕಾಗಿಲ್ಲ,” ಎಂದು ಅಳಿಸಲು ಹೊರಟಿತು.

“ನಿನ್ನ ಮರಿಗಳನ್ನು ನೀನೇ ಕಚ್ಚಿಕೊಂಡು ನೀರಿಗೆ ಒಯ್ಯುತ್ತೀಯ, ಅಕ್ಕಾ,” ಎಂದಿತು ಅಷ್ಟರಲ್ಲಿ ಅಲ್ಲಿಗೆ ಬಂದ ಆಮೆ. “ನಾನು ಮರಳಲ್ಲಿ ಮೊಟ್ಟೆಯಿಟ್ಟು ಹೊರಟುಬಿಡುವವಳು. ನನ್ನ ಮರಿಗಳು ಹೊರಬಂದಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅವಕ್ಕೆ ಇರುವುದು ಈ ಪಾಠ ಒಂದೇ.”

ನೀರುನಾಯಿ ಅಳಿಸುವ ಗುಂಡಿಯ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿತು. ಆಮೇಲೆ ತನ್ನ ಮೂರು ಮರಿಗಳನ್ನು ಹೊಳೆಯಿಂದ ಸ್ವಲ್ಪ ದೂರ ಕರೆದೊಯ್ದು, ಆಮೆಯ ಸಾಲನ್ನು ಓದಿ ಹೇಳಿತು.

ಮೂರೂ ಮರಿಗಳು ಅತ್ತಿತ್ತ ನೋಡಲೇ ಇಲ್ಲ. ಅಮ್ಮನ ಮುಖವನ್ನೇ ನೋಡುತ್ತಾ ನಿಂತವು.